ಏರು ಹತ್ತಿಸುವ ಉಬ್ಬು

ಇಬ್ಬರು ಸವಾರರು, ಎರಡೂ ಬದಿಯ ಪೆಟ್ಟಿಗೆ ತುಂಬ ಸಾಮಾನು, 350 ಕಿಲೋ ಮೀರಿದ ಬೈಕು. ಎದುರಿಗೆ ಉದ್ದನೆಯ ಏರು. ಗೇರ್ ಇಳಿಸದೆ, ಆಕ್ಸಿಲರೇಟರ್ ತುಸುವೇ ತಿರುವಿದರೆ ಎಂಜಿನ್ ಎಳೆದುಕೊಂಡು ಹೋಗಬೇಕು. ಹಾರ್ಲೆ ಡೇವಿಡ್‌ಸನ್ ಟೂರಿಂಗ್ ಬೈಕಿನವರು ಕ್ಯಾಮ್‌ಶಾಫ್ಟ್ ಬದಲಿಸಲು ಹೊರಡುವುದು ಬಹುಪಾಲು ಈ ಒಂದು ಗಳಿಗೆಗಾಗಿ. ಆದರೆ ಆ ವಿದ್ಯೆ ಬೆಳೆದದ್ದು ಪ್ರವಾಸದ ದಾರಿಯಲ್ಲಲ್ಲ, ಪಂದ್ಯದ ಕಣದಲ್ಲಿ.

ಕ್ಯಾಮ್‌ಶಾಫ್ಟ್ ಎಂದರೆ ಮೊಟ್ಟೆಯಾಕಾರದ ಉಬ್ಬುಗಳಿರುವ ಉಕ್ಕಿನ ದಂಡ. ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ಇದು ಒಂದು ಸುತ್ತು ಮುಗಿಸುತ್ತದೆ. ಉಬ್ಬಿನ ಎತ್ತರ ವಾಲ್ವ್ ಎಷ್ಟು ತೆರೆಯಬೇಕೆಂಬುದನ್ನು ಹೇಳಿದರೆ, ಉಬ್ಬಿನ ಅಗಲ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಹೇಳುತ್ತದೆ. ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿಗಳು ಟೂ ಸ್ಟ್ರೋಕ್. ಅವುಗಳಲ್ಲಿ ಕ್ಯಾಮೂ ಇರಲಿಲ್ಲ, ವಾಲ್ವೂ ಇರಲಿಲ್ಲ. ಸಿಲಿಂಡರಿನ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತಿತ್ತು. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಉಸಿರಿನ ಲಯ ಕೊಡುವುದು ಕ್ಯಾಮ್.

1936ರಲ್ಲಿ ಬಂದ ಹಾರ್ಲೆಯ ನಕಲ್‌ಹೆಡ್ ಎಂಜಿನ್ನಿನಲ್ಲಿ ವಾಲ್ವ್‌ಗಳು ಸಿಲಿಂಡರಿನ ಮೇಲೆ ಕೂತವು. ಕೆಳಗೆ ನಾಲ್ಕು ಉಬ್ಬುಗಳ ಒಂದೇ ಕ್ಯಾಮ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ವೇಗದ ಪೈಪೋಟಿ ಕಾವೇರಿತು. ಲಾಸ್ ಏಂಜಲೀಸಿನ ಎಡ್ ಇಸ್ಕೆಂಡೇರಿಯನ್ ಅವರಂಥವರು ಕಾರುಗಳಿಗೆ ಕ್ಯಾಮ್ ಅರೆಯುವುದನ್ನೇ ಕಸುಬಾಗಿಸಿದರು. 1958ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ ಎಸ್ ಆ್ಯಂಡ್ ಎಸ್ ಸಂಸ್ಥೆ ಹಾರ್ಲೆಗಳಿಗೆ ಹಗುರವಾದ ಅಲ್ಯೂಮಿನಿಯಂ ಪುಶ್‌ರಾಡ್, ಅಂದರೆ ಕ್ಯಾಮಿನ ನೂಕನ್ನು ವಾಲ್ವಿನತ್ತ ಒಯ್ಯುವ ಕಡ್ಡಿ, ಮಾರುತ್ತಾ ವ್ಯಾಪಾರ ಶುರುಮಾಡಿತು.

ಪಂದ್ಯದ ಕ್ಯಾಮ್ ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲಕ್ಕೆ ಹೊರಟಿದ್ದರೂ ವಾಲ್ವ್ ತೆರೆದೇ ಇರುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಒಳಬರುವ ಗಾಳಿಗೆ ಓಟದ ರಭಸವಿರುತ್ತದೆ, ಹಾಗಾಗಿ ಅದು ನುಗ್ಗುತ್ತಲೇ ಇರುತ್ತದೆ. ನಿಧಾನಕ್ಕೆ ತಿರುಗುವಾಗ ಆ ರಭಸವಿಲ್ಲ. ಬಂದ ಗಾಳಿಯನ್ನು ಪಿಸ್ಟನ್ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳುತ್ತದೆ, ಎಳೆತ ಸೊರಗುತ್ತದೆ. ಭಾರ ಹೊತ್ತ ಟೂರಿಂಗ್ ಬೈಕು ದಿನವಿಡೀ ಇರುವುದು 2000ದಿಂದ 3500 ಆರ್‌ಪಿಎಂ ನಡುವೆ. ಅದಕ್ಕೆ ಬೇಗ ಮುಚ್ಚುವ ಕ್ಯಾಮ್ ಬೇಕು.

ಈ ತಿಳಿವಳಿಕೆ ಗ್ಯಾರೇಜುಗಳ ಮನೆಮಾತಾಗಲು ನೆರವಾದದ್ದು ಒಂದು ಸವೆತ. ಹಾರ್ಲೆ 1998ರಲ್ಲಿ ಹೊರತಂದ, 1450 ಸಿಸಿಯ ಟ್ವಿನ್ ಕ್ಯಾಮ್ 88 ಎಂಜಿನ್ನಿನಲ್ಲಿ ಎರಡು ಕ್ಯಾಮ್, ಅವನ್ನು ತಿರುಗಿಸಲು ಚೈನು. ಚೈನು ಸಡಿಲವಾಗದಂತೆ ಒತ್ತಿಹಿಡಿಯುವ ಪ್ಲಾಸ್ಟಿಕ್ ತುಂಡುಗಳು ಸವೆಯುತ್ತಿದ್ದವು. ಅವನ್ನು ಬದಲಿಸಲು ಕ್ಯಾಮ್ ಇರುವ ಕೋಣೆಯನ್ನೇ ಬಿಚ್ಚಬೇಕು. ಹೇಗೂ ಬಿಚ್ಚಿದ್ದಾಯಿತು, ಕ್ಯಾಮನ್ನೂ ಬದಲಿಸೋಣ ಎಂದು ಸಾಮಾನ್ಯ ಪ್ರವಾಸಿಗಳೂ ಯೋಚಿಸಿದರು. ಎಸ್ ಆ್ಯಂಡ್ ಎಸ್‌ನ 510 ಕ್ಯಾಮಿನ ಹೆಸರಲ್ಲೇ ಲೆಕ್ಕವಿದೆ: ವಾಲ್ವ್ 0.510 ಇಂಚು, ಅಂದರೆ ಸುಮಾರು 13 ಮಿಲಿಮೀಟರ್ ತೆರೆಯುತ್ತದೆ. ಕೊಳ್ಳುವವರ ಕಣ್ಣು ಮೊದಲು ಬೀಳುವುದು ಈ ಎತ್ತರದ ಮೇಲೆ. ಆದರೆ ಏರು ಹತ್ತಿಸುವುದನ್ನು ಹೆಚ್ಚು ತೀರ್ಮಾನಿಸುವುದು ಇನ್‌ಟೇಕ್ ವಾಲ್ವ್ ಮುಚ್ಚುವ ಹೊತ್ತು. 2016ರಲ್ಲಿ ಬಂದ ಹಾರ್ಲೆಯ ಮಿಲ್ವಾಕಿ ಎಯ್ಟ್ ಎಂಜಿನ್ ಮತ್ತೆ ಒಂದೇ ಕ್ಯಾಮಿಗೆ ಮರಳಿತು. ಆರಿಸುವವರ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಕ್ಯಾಮ್ ಒಂದೇ ಬದಲಿಸಿದರೆ ಕೆಲಸ ಮುಗಿಯದು. ವಾಲ್ವ್ ಸ್ಪ್ರಿಂಗುಗಳು ಹೊಸ ಎತ್ತರವನ್ನು ತಾಳಬೇಕು, ಕ್ಯಾಮಿನ ಉಬ್ಬಿನ ಮೇಲೆ ಕೂರುವ ಲಿಫ್ಟರ್‌ಗಳು ಗಟ್ಟಿಯಿರಬೇಕು, ಪೆಟ್ರೋಲಿನ ಅಳತೆಯನ್ನು ಹೊಸ ಉಸಿರಾಟಕ್ಕೆ ತಕ್ಕಂತೆ ಮತ್ತೆ ಹೊಂದಿಸಬೇಕು.

ಇಷ್ಟೆಲ್ಲದರ ಮೊದಲು ಒಂದು ವಾರ ಟ್ಯಾಕೋಮೀಟರ್ ನೋಡುತ್ತಾ ಗಾಡಿ ಓಡಿಸಿ. ಒಂಟಿಯಾಗಿ ಹೋಗುವಾಗ, ಜೊತೆಗಾರರನ್ನು ಕೂರಿಸಿಕೊಂಡಾಗ, ಏರಿನಲ್ಲಿ ಮುಳ್ಳು ಹೆಚ್ಚು ಹೊತ್ತು ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಿಕೊಳ್ಳಿ. ಅಲ್ಲಿ ಬಲ ಕೊಡುವ ಕ್ಯಾಮೇ ನಿಮ್ಮದು.