ಚನ್ನಗಿರಿಗೂ ಎಂಟು, ಹೊನ್ನಾಳಿಗೂ ಎಂಟು

ಹಾಳೆಯ ಮೇಲೆ ಚನ್ನಗಿರಿ ನಾಲ್ಕಕ್ಷರದ ಊರು. ಕಂಪ್ಯೂಟರಿಗೆ ಎಂಟು: ಚ, ನ, ಹಲಂತ ಚಿಹ್ನೆ, ಒತ್ತಿನ ನ, ಗ, ಗುಡಿಸು, ರ, ಮತ್ತೊಂದು ಗುಡಿಸು. ಯೂನಿಕೋಡ್‌ನ ಇಂಥ ಒಂದೊಂದು ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಯುಟಿಎಫ್-16ರಲ್ಲಿ 2 ಬೈಟ್ ಬೇಕು. ಯುಟಿಎಫ್-8ರ ಲೆಕ್ಕ ಹಿಡಿದರೆ ಚನ್ನಗಿರಿ 24 ಬೈಟ್, ಹೊನ್ನಾಳಿ 24, ನ್ಯಾಮತಿ 21, ಜಗಳೂರು 18. ಒಟ್ಟು 87. ಇಂಗ್ಲಿಷಿನಲ್ಲಿ ನಾಲ್ಕೂ ಸೇರಿ 32.

ಇದನ್ನೇ ತೋರಿಸಿ ಕನ್ನಡ ದುಬಾರಿ ಎನ್ನುವವರಿದ್ದಾರೆ. ಭೂಮಿ ಯೋಜನೆ ಆರಂಭದಲ್ಲಿ ಕಂಪ್ಯೂಟರಿಗೆ ಏರಿಸಿದ್ದು ಸುಮಾರು 2 ಕೋಟಿ ಪಹಣಿ. ಅಷ್ಟರಲ್ಲೂ ಚನ್ನಗಿರಿ ಎಂದೇ ಬರೆದರೂ 48 ಕೋಟಿ ಬೈಟ್, ಅಂದರೆ 480 ಎಂಬಿ. ಮೊಬೈಲಿಗೆ ಇಳಿಸಿಕೊಳ್ಳುವ ಒಂದು ಸಿನಿಮಾಕ್ಕೂ ಅಷ್ಟು ಸಾಲದು.

ನಿಜವಾದ ನಷ್ಟ ಆಗುವುದು ಡೇಟಾಬೇಸಿಗೆ ಕ್ವೆರಿ, ಅಂದರೆ ಆದೇಶ, ಬರೆಯುವಾಗ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಉದ್ಧರಣ ಚಿಹ್ನೆಯ ಹಿಂದೆ ‘ಎನ್’ ಎಂಬ ಇಂಗ್ಲಿಷ್ ಅಕ್ಷರ ಹಾಕುವುದು ಮರೆತರೆ, ಲ್ಯಾಟಿನ್ ಕೋಡ್‌ಪೇಜ್‌ನ ಡೇಟಾಬೇಸ್ ಸಂಕೇತಕ್ಕೊಂದರಂತೆ ಪ್ರಶ್ನಾರ್ಥಕ ಚಿಹ್ನೆ ಬರೆದುಕೊಳ್ಳುತ್ತದೆ. ಚನ್ನಗಿರಿ ‘????????’. ಹೊನ್ನಾಳಿಯೂ ‘????????’. ಹುಡುಕಿದರೆ ಇರುವ ದಾಖಲೆಯೂ ಸಿಗುವುದಿಲ್ಲ. ಹೊಸದಾಗಿ ಸೇರಿಸಿದರೆ ಇನ್ನೂ ಕೇಡು, ಎರಡು ತಾಲ್ಲೂಕು ಒಂದೇ ಆಗಿ ಕೂರುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇವೆರಡೂ ಶಿವಮೊಗ್ಗದಿಂದ ಜೊತೆಯಾಗಿಯೇ ಬಂದವು ನಿಜ. ಆದರೆ ಇಷ್ಟು ಒಗ್ಗಟ್ಟು ಯಾರೂ ಕೇಳಿರಲಿಲ್ಲ.

2019ರ ಆವೃತ್ತಿಯಿಂದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯುಟಿಎಫ್-8 ಕೂಡ ಇದೆ. ಆದರೆ ವಾರ್‌ಚಾರ್(20) ಎಂಬ ಅಂಕಣದ ಅಳತೆ 20 ಅಕ್ಷರವಲ್ಲ, 20 ಬೈಟ್. ನಾಲ್ಕು ಊರುಗಳಲ್ಲಿ ಅದರೊಳಗೆ ಹಿಡಿಸುವುದು ಜಗಳೂರು ಒಂದೇ. ನ್ಯಾಮತಿಗೆ ಒಂದೇ ಒಂದು ಬೈಟ್ ಸಾಲದೆ ಬರುತ್ತದೆ.

ಹೊನ್ನಾಳಿಗೆ ಇನ್ನೊಂದು ಪೇಚಿದೆ. ‘ಹೊ’ದ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆ ಕೂಡಿಸಿಯೂ ಇಡಬಹುದು. ಮೊದಲನೆಯದು 24 ಬೈಟ್, ಎರಡನೆಯದು 27. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಬೈಟ್‌ಗೆ ಬೈಟ್ ಹೋಲಿಸುವ ಕ್ವೆರಿಗೆ ಮಾತ್ರ ಅವು ಎರಡು ಬೇರೆ ಊರು.

ಹೆಸರಿನ ಅಂಕಣ ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಇರಲಿ, ಕ್ವೆರಿಯಲ್ಲಿ ‘ಎನ್’ ತಪ್ಪದಿರಲಿ, ಉಳಿಸುವ ಮೊದಲು ಪಠ್ಯ, ಬಿಡಿ ಚಿಹ್ನೆಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ಬರಲಿ. ಈಗಾಗಲೇ ಎಂಟು ಪ್ರಶ್ನಾರ್ಥಕ ಚಿಹ್ನೆಯಾಗಿ ಕೂತ ಹೆಸರನ್ನು ಯಾವ ತಂತ್ರಾಂಶವೂ ಹಿಂದಕ್ಕೆ ತರಲಾರದು. ಕಾಗದದ ಅರ್ಜಿ ತೆಗೆದು ಮತ್ತೆ ಟೈಪ್ ಮಾಡಬೇಕು.