ಒಂದು ಸೀಸೆ, ಎರಡು ನಾಲಗೆ

ದಾವಣಗೆರೆಯ ಪಿ. ಜೆ. ಬಡಾವಣೆಯಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಯಜಮಾನರು ನಿವೃತ್ತರು, ಮಗ ಹೊರದೇಶದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಊಟದ ಮೇಜಿನ ಮೇಲೆ ಪರಿಚಯವಾದ ಬಿಳಿ ವೈನು, ಊರಿಗೆ ಮರಳಿದ ಮೇಲೂ ತಿಂಗಳಿಗೊಮ್ಮೆ ದಂಪತಿಗಳಿಗೆ ನೆನಪಾಗುತ್ತದೆ. ಮೊದಲ ಸಲ ತಂದದ್ದು ಸೊವಿನ್ಯೋನ್ ಬ್ಲಾಂ. ಯಜಮಾನರು ಒಂದು ಗುಟುಕು ಕುಡಿದು ತಲೆದೂಗಿದರು. ಗೃಹಿಣಿ ಮುಖ ಕಿವುಚಿ, "ಇದೇನ್ರೀ, ಹುಣಿಸೆಹಣ್ಣು ತೊಳೆದ ನೀರಿನ ಹಾಗಿದೆ!" ಎಂದರು. ಮುಂದಿನ ತಿಂಗಳು ಆಕೆಗೆಂದೇ ಸಿಹಿಯಾದದ್ದು ಬಂತು. "ಇದು ರಾಮನವಮಿಯ ಪಾನಕ ಕಣೇ, ಏಲಕ್ಕಿಯೊಂದು ಕಡಿಮೆ" ಎಂದು ಯಜಮಾನರು ಲೋಟವನ್ನು ಕೆಳಗಿಟ್ಟರು. ಮೂರನೆಯ ತಿಂಗಳು ಮತ್ತೆ ಹುಳಿಯದೇ ಬಂದಾಗ ಗೃಹಿಣಿ, "ನನಗೂ ಇದೇ ಆಗುತ್ತೆ, ಬಿಡಿ" ಎಂದುಬಿಟ್ಟರು.

ತೊಡಕು ಇರುವುದು ಈ ಕೊನೆಯ ಮಾತಿನಲ್ಲಿಯೇ. ಸಾರಿನ ಉಪ್ಪಿಗೂ ಕಾಫಿಯ ಸಕ್ಕರೆಗೂ ಮೂವತ್ತು ವರ್ಷ ಇದೇ ಮಾತನ್ನಾಡಿದವರು ಇದೊಂದಕ್ಕೂ ಆಡಿದರೆ, ರುಚಿ ಹೊಂದಿತೆಂದು ಯಜಮಾನರು ತಿಳಿಯುತ್ತಾರೆ. ಹೊಂದಿಕೊಂಡದ್ದು ರುಚಿಯಲ್ಲ, ಹೆಂಡತಿ.

ಹುಳಿ ಸಿಹಿಗಳ ಈ ಜಗಳದ ಮೂಲ ಸೀಸೆಯೊಳಗೇ ಉಂಟು. ದ್ರಾಕ್ಷಿಯನ್ನು ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನು ಮಾತ್ರ ತಂಪಿನಲ್ಲಿ ಹುದುಗಿಸುವುದು ಬಿಳಿ ವೈನಿನ ಕ್ರಮ. ಹುದುಗಿಸುವ ಯೀಸ್ಟು ರಸದ ಸಕ್ಕರೆಯನ್ನು ತಿಂದು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಸಕ್ಕರೆ ಬಹುಮಟ್ಟಿಗೆ ಮುಗಿಯುವವರೆಗೆ ಬಿಟ್ಟರೆ ಹುಳಿ ಮುಂದಾದ 'ಡ್ರೈ' ವೈನು. ನಡುವೆಯೇ ಬಹಳ ತಣ್ಣಗೆ ಮಾಡಿ ಯೀಸ್ಟನ್ನು ತಡೆದರೆ ಸಿಹಿ ಉಳಿದ ವೈನು. ಒಂದೇ ಬಳ್ಳಿಯ ಹಣ್ಣಿನಿಂದ ಎರಡನ್ನೂ ಮಾಡಬಹುದು. ಯುರೋಪಿನ ನಿಯಮದ ಪ್ರಕಾರ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆಯಿದ್ದರೆ ಅದು ಡ್ರೈ. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಆ ಹೆಸರು ಸಲ್ಲುತ್ತದೆ. 45 ಗ್ರಾಂ ದಾಟಿತೋ, ಅದು ಸಿಹಿಯೆಂದೇ ಲೆಕ್ಕ. ಯಜಮಾನರು ಪಾನಕವೆಂದು ಜರೆದದ್ದರಲ್ಲಿ ಹುರುಳಿಲ್ಲದೆ ಇಲ್ಲ.

ಈ ಎರಡು ಕೊನೆಗಳ ನಡುವೆ ವಿಶಾಲವಾದ ಬಯಲಿದೆ. ಲೀಟರಿಗೆ 10 ಗ್ರಾಂ ಸಕ್ಕರೆಯೆಂದರೆ 150 ಮಿಲಿಲೀಟರಿನ ಒಂದು ಲೋಟಕ್ಕೆ ಒಂದೂವರೆ ಗ್ರಾಂ, ಚಹಾ ಚಮಚದ ಅರ್ಧಕ್ಕೂ ಕಡಿಮೆ. ಜೊತೆಗೆ ಒಳ್ಳೆಯ ಹುಳಿಯೂ ಇದ್ದರೆ ಒಬ್ಬರಿಗೆ ಮೊದಲು ಹುಳಿ ತಾಗುತ್ತದೆ, ಮತ್ತೊಬ್ಬರಿಗೆ ಸಿಹಿ. ಫ್ರಾನ್ಸಿನ ಲ್ವಾರ್ ನದಿಯ ಸೀಮೆಯಿಂದ ಬಂದ ಶೆನಿನ್ ಬ್ಲಾಂ ಎಂಬ ತಳಿ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬಿಸಿಲ ನಾಡಿನಲ್ಲಿಯೂ ಅದು ಹುಳಿಯನ್ನು ಬಿಟ್ಟುಕೊಡುವುದಿಲ್ಲ; ನಮ್ಮ ದೇಶದಲ್ಲಿ ಅದನ್ನು ಅನೇಕ ವೇಳೆ ತುಸು ಸಿಹಿ ಉಳಿಸಿಯೇ ತಯಾರಿಸುತ್ತಾರೆ.

ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುವ ದಾವಣಗೆರೆ ಹರಿಹರದ ನೆಲ ವೈನಿನ ದ್ರಾಕ್ಷಿಗೆ ಹೆಸರಾದುದಲ್ಲ. ನಂದಿಬೆಟ್ಟದ ಬಳಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಸಂಸ್ಥೆ 1988ರಲ್ಲಿ ಆರಂಭವಾಯಿತು. 2007ರಲ್ಲಿ ರಾಜ್ಯ ಸರ್ಕಾರ ವೈನಿಗೆಂದೇ ಪ್ರತ್ಯೇಕ ನೀತಿಯನ್ನು ತಂದಿತು. ಹರಿಹರವನ್ನು ಬಳಸಿ ಹರಿಯುವ ತುಂಗಭದ್ರೆಯ ಜಾಡು ಹಿಡಿದು ಕೆಳಗೆ ಸಾಗಿದರೆ ಹಂಪಿಯ ಸೀಮೆ. ಅಲ್ಲಿ, ಕೊಪ್ಪಳ ಜಿಲ್ಲೆಯಲ್ಲಿ, ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಗಳು ಬೆಳೆಸಿದ ತೋಟಕ್ಕೆ ಇಬ್ಬರ ಹೆಸರನ್ನೂ ಬೆಸೆದು 'ಕೃಸ್ಮ' ಎಂದಿಟ್ಟಿದ್ದಾರೆ. ಹರಿಯ ಕಡೆಯಿಂದ ಒಂದು ಹೆಸರು, ಹರನ ಮನೆಯಿಂದ ಇನ್ನೊಂದು!

ದೇವರ ವಿಷಯವನ್ನು ಇಲ್ಲಿಗೆ ಎಳೆಯುವುದು ಅಷ್ಟು ತರವಲ್ಲ. ಆದರೂ ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು ದೂರದ ಹರಿಹರೇಶ್ವರನ ಗುಡಿಯಲ್ಲಿ ಕೈಮುಗಿದು ನಿಂತವರಿಗೆ ಒಂದು ಸಂಗತಿ ಹೊಳೆಯದಿರದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಇಬ್ಬರನ್ನೂ ಕಲಸಿ ಮೂರನೆಯವನೊಬ್ಬನನ್ನು ಶಿಲ್ಪಿ ಮಾಡಲಿಲ್ಲ. ಒಂದೇ ಶಿಲೆಯಲ್ಲಿ ಇಬ್ಬರನ್ನೂ ಅವರವರ ಲಕ್ಷಣದೊಡನೆ ಉಳಿಸಿದ. ಪಿ. ಜೆ. ಬಡಾವಣೆಯ ಮನೆಗೂ ಬೇಕಾದದ್ದು ಇಬ್ಬರ ನಾಲಗೆಗೂ ಅದರದರ ಪಾಲು ಸಿಗುವ ಒಂದು ಸೀಸೆ.

ಸೀಸೆಗಿಂತ ತಟ್ಟೆಯ ಪ್ರಭಾವ ದೊಡ್ಡದೆಂಬುದನ್ನು ಬಹು ಮಂದಿ ಗಮನಿಸುವುದಿಲ್ಲ. ದಾವಣಗೆರೆಯ ಸಂಜೆಯೆಂದರೆ ಮಂಡಕ್ಕಿ, ಮಿರ್ಚಿ. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಇನ್ನೂ ಕೆದಕುತ್ತದೆ. ಮಿರ್ಚಿ ಕಚ್ಚಿ ಡ್ರೈ ವೈನು ಕುಡಿದವರ ಕಣ್ಣಲ್ಲಿ ನೀರು ಬಂದರೆ ಆಶ್ಚರ್ಯವಿಲ್ಲ. ಅಲ್ಲಿ ಗೃಹಿಣಿಯ ಪಕ್ಷವೇ ಸರಿ, ತುಸು ಸಿಹಿ ಬೇಕು. ಬೆಣ್ಣೆದೋಸೆಯಾದರೆ ಯಜಮಾನರಿಗೆ ಜಯ. ನಾಲಗೆಗೆ ಮೆತ್ತಿದ ಬೆಣ್ಣೆಯನ್ನು ಹುಳಿಯೇ ತೊಳೆಯಬೇಕು. ಉಪ್ಪು, ನಿಂಬೆ ಹಿಂಡಿದ ಕೋಸಂಬರಿಯ ಜೊತೆಗೆ ಡ್ರೈ ವೈನಿನ ಹುಳಿ ತಾನಾಗಿ ತಗ್ಗುತ್ತದೆ. ಹೋಳಿಗೆಯ ಜೊತೆಗೆ ಅದೇ ವೈನು ಅಸಹನೀಯ. ಆ ಮೊದಲ ತಿಂಗಳು ತಟ್ಟೆಯಲ್ಲಿ ಏನಿತ್ತೆಂದು ಗೃಹಿಣಿಯನ್ನು ಕೇಳಿ ನೋಡಿ: ಹಬ್ಬದ ಮಾರನೆಯ ದಿನದ ಹೋಳಿಗೆ!

ಇನ್ನೊಂದು ಉಪಾಯ ಫ್ರಿಜ್ಜಿನಲ್ಲಿದೆ. ಚಳಿಯಲ್ಲಿ ಸಿಹಿ ಮಂಕಾಗುತ್ತದೆ, ಹುಳಿ ಚುರುಕಾಗಿ ತೋರುತ್ತದೆ. ತುಸು ಬೆಚ್ಚಗಾದಂತೆ ಪರಿಮಳವೂ ಸಿಹಿಯೂ ಅರಳುತ್ತವೆ. ಆದುದರಿಂದ ಒಂದೇ ಶೆನಿನ್ ಬ್ಲಾಂ ಸೀಸೆಯಿಂದ ಎರಡು ಲೋಟ ತುಂಬಿ, ಯಜಮಾನರು ತಮ್ಮದನ್ನು ಆಗಲೇ ಕುಡಿಯಲು ತೊಡಗಬಹುದು. ಗೃಹಿಣಿಯ ಲೋಟ ಮೇಜಿನ ಮೇಲೆ ಹತ್ತು ನಿಮಿಷ ಕಾಯಲಿ. ಉಳಿದದ್ದನ್ನು ಬಿರಡೆ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಕೆಡದು.

ಅಂಗಡಿಯಲ್ಲಿ 375 ಮಿಲಿಲೀಟರಿನ ಅರ್ಧ ಸೀಸೆಗಳು ಸಿಕ್ಕರೆ ಎರಡು ಬಗೆಯನ್ನೂ ತಂದು ಪರೀಕ್ಷಿಸಬಹುದು. ಆಗ ಹುಳಿಯದನ್ನು ಮೊದಲು ರುಚಿ ನೋಡಬೇಕು, ಸಿಹಿಯದನ್ನು ಅನಂತರ. ಕ್ರಮ ತಪ್ಪಿದರೆ ಮತ್ತೆ ಹುಣಿಸೆಹಣ್ಣಿನ ನೀರಿನ ಮಾತೇ ಬರುತ್ತದೆ. ಯಾವುದು ಹಿಡಿಸಿತೆಂದು ಹೇಳುವ ಸರದಿ ಈ ಸಲ ಮೊದಲು ಗೃಹಿಣಿಯದಾಗಲಿ. ಯಜಮಾನರು ಬಾಯಿ ತೆರೆಯುವ ಮುನ್ನ.