ರೆಕಾರ್ಡರ್ ಪೆಟ್ಟಿಗೆಗೆ ತಕ್ಕ ಡಿಸ್ಕು ಯಾವುದು?

ಅರಸೀಕೆರೆಯಿಂದ ಹಳೇಬೀಡಿಗೂ, ಅಲ್ಲಿಂದ ೧೬ ಕಿಲೋಮೀಟರ್ ಆಚೆಯ ಬೇಲೂರಿಗೂ ಹೋಗುವ ಪ್ರಯಾಣಿಕನಿಗೆ ದಾರಿಯುದ್ದಕ್ಕೂ ಒಂದು ನೋಟ ತಪ್ಪದೆ ಕಾಣುತ್ತದೆ. ಹೆಂಚಿನ ಮನೆಯಿರಲಿ, ತಾರಸಿಯ ಮನೆಯಿರಲಿ, ಮಾಡಿನ ಮೇಲೊಂದು ಬೋಗುಣಿಯಂಥ ಡಿಶ್ ಆಗ್ನೇಯದ ಆಕಾಶಕ್ಕೆ ಮುಖಮಾಡಿ ನಿಂತಿರುತ್ತದೆ. ಅದು ದಿಟ್ಟಿಸುತ್ತಿರುವುದು ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ತೋರುವ ಉಪಗ್ರಹವನ್ನು. ಭಾರತದ ಇಂಥ ಉಪಗ್ರಹಗಳನ್ನು ಅವುಗಳ ನೆಲೆಯಲ್ಲಿ ಕದಲದಂತೆ ಕಾಯುವವರಾದರೋ ದೂರದವರಲ್ಲ; ಅವುಗಳ ಮುಖ್ಯ ನಿಯಂತ್ರಣ ಕೇಂದ್ರ ಇದೇ ಜಿಲ್ಲೆಯ ಹಾಸನ ಪಟ್ಟಣದಲ್ಲಿ ೧೯೮೨ರಿಂದ ಕೆಲಸಮಾಡುತ್ತಿದೆ. ೨೦೦೫ರ ಡಿಸೆಂಬರಿನಲ್ಲಿ ಮೇಲೇರಿ, ಮನೆಮನೆಗೆ ನೇರ ಟೆಲಿವಿಷನ್ ಇಳಿಸಿದ ಇನ್ಸಾಟ್-೪ಎ ಉಪಗ್ರಹಕ್ಕೆ ಆಜ್ಞೆಗಳು ಹೋಗುತ್ತಿದ್ದುದೂ ಇಲ್ಲಿಂದಲೇ.

ಆಕಾಶದ ಕೆಲಸ ಇಷ್ಟು ಅಚ್ಚುಕಟ್ಟಾಗಿ ನಡೆಯುತ್ತಿದ್ದರೂ ತೊಂದರೆ ಹುಟ್ಟುವುದು ಟಿ.ವಿ.ಯ ಪಕ್ಕದಲ್ಲಿ ಕುಳಿತ ಪೆಟ್ಟಿಗೆಯಲ್ಲಿ. ೨೦೦೮ರಲ್ಲಿ ಟಾಟಾ ಸ್ಕೈ ಸಂಸ್ಥೆಯು 'ಪ್ಲಸ್' ಎಂಬ ಸೆಟ್ ಟಾಪ್ ಬಾಕ್ಸನ್ನು ಮಾರುಕಟ್ಟೆಗೆ ತಂದಿತು. ಕಾರ್ಯಕ್ರಮವನ್ನು ತನ್ನೊಳಗೇ ಮುದ್ರಿಸಿಟ್ಟುಕೊಂಡು, ನಾವು ಬೇಕೆಂದಾಗ ತೋರಿಸುವುದು ಅದರ ಹೆಚ್ಚುಗಾರಿಕೆ. ತರುವಾಯ ಇತರ ಸಂಸ್ಥೆಗಳೂ ಇಂಥವನ್ನು ಹೊರತಂದವು. ಇವುಗಳ ಒಡಲಲ್ಲಿ ಇರುವುದು ಕಂಪ್ಯೂಟರಿನಲ್ಲಿರುವಂಥದೇ ಹಾರ್ಡ್ ಡಿಸ್ಕು. ಪೆಟ್ಟಿಗೆಯ ಬೇರೆಲ್ಲ ಭಾಗಗಳೂ ನಿಶ್ಚಲವಾಗಿರುವಾಗ ಇದೊಂದು ಮಾತ್ರ ನಿಮಿಷಕ್ಕೆ ೫,೪೦೦ ಸುತ್ತಿನಂತೆ ತಿರುಗುತ್ತದೆ. ಆದ್ದರಿಂದ ಮೊದಲು ಸವೆಯುವುದೂ ಇದೇ.

ಡಿಸ್ಕು ಕೆಟ್ಟಾಗ ಮನೆಯವರು ಮರುಗುವುದು ಪೆಟ್ಟಿಗೆಯ ಬೆಲೆಗಾಗಿ ಅಲ್ಲವಷ್ಟೆ. ೨೦೦೨ರಿಂದ ಚಂದನ ವಾಹಿನಿಯಲ್ಲಿ ಬರುತ್ತಿರುವ 'ಥಟ್ ಅಂತ ಹೇಳಿ' ರಸಪ್ರಶ್ನೆಯಲ್ಲಿ ಮನೆಯ ಹುಡುಗನೊಬ್ಬ ಕುಳಿತ ಸಂಚಿಕೆ ಅದರಲ್ಲಿರಬಹುದು. ೨೦೨೩ರ ಸೆಪ್ಟೆಂಬರ್ ೧೮ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ದಿನದ ವಾರ್ತೆಯಿರಬಹುದು. ಈಗ ಇಲ್ಲದ ಅಜ್ಜಿಯೊಬ್ಬರು ರಥೋತ್ಸವದ ಜನಸಂದಣಿಯಲ್ಲಿ ಒಂದು ಕ್ಷಣ ಕಂಡ ದೃಶ್ಯವೂ ಇರಬಹುದು. ಮುದ್ರಿಕೆಗಳನ್ನು ಕಳೆದುಕೊಳ್ಳುವುದರಲ್ಲಿ ದೊಡ್ಡವರೂ ಹಿಂದೆ ಬಿದ್ದಿಲ್ಲ. ಚಂದ್ರನ ಮೇಲೆ ಮೊದಲು ಕಾಲಿಟ್ಟ ದೃಶ್ಯಗಳ ಮೂಲ ಸುರುಳಿಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿರುವ ಸಂಭವವೇ ಹೆಚ್ಚೆಂದು ಅಮೆರಿಕದ ನಾಸಾ ಸಂಸ್ಥೆ ೨೦೦೯ರಲ್ಲಿ ಒಪ್ಪಿಕೊಳ್ಳಬೇಕಾಯಿತು.

ಹೀಗಿರಲು, ಹೊಸ ಡಿಸ್ಕನ್ನು ಆರಿಸುವ ಮೊದಲು ಎರಡು ಸಂಗತಿಗಳನ್ನು ತೀರ್ಮಾನಿಸಿಕೊಳ್ಳಬೇಕು. ಕೆಟ್ಟಿರುವುದು ನಿಜವಾಗಿಯೂ ಡಿಸ್ಕೇ? ಹಳೆಯ ಮುದ್ರಿಕೆಗಳ ಗತಿಯೇನು?

ಮೊದಲನೆಯದಕ್ಕೆ ಉತ್ತರ ಕಷ್ಟವಲ್ಲ. ಡಿಶ್‌ಗೆ ಬರುವ ಅಲೆಗಳು ಬಹಳ ಕಿರಿದಾದವು. ಭಾರಿ ಮಳೆಯ ಹನಿಗಳು ಅವನ್ನು ಹೀರಿ ಚೆದರಿಸುತ್ತವೆ. ಮಲೆನಾಡಿನ ಅಂಚಿನಲ್ಲಿರುವ ಬೇಲೂರಿನವರಿಗೆ ಆಷಾಢದಲ್ಲಿ ಇದರ ಅನುಭವ ಸಾಕಷ್ಟಿರುತ್ತದೆ. ಬಯಲುಸೀಮೆಯ ಅರಸೀಕೆರೆಯವರಿಗೆ ಅಷ್ಟಿಲ್ಲ. ಮಳೆಯಲ್ಲಿ ಮುದ್ರಿಸಿದ ಕಾರ್ಯಕ್ರಮದಲ್ಲಿ ಚಿತ್ರವು ಚೌಕಚೌಕವಾಗಿ ಒಡೆದು, ಮತ್ತೆ ಕೂಡಿಕೊಂಡು ಮುಂದೆ ಸಾಗುತ್ತದೆ. ಇದು ಡಿಸ್ಕಿನ ದೋಷವಲ್ಲ. ಚಿತ್ರವು ಒಮ್ಮೆಲೇ ನಿಂತು, ಪೆಟ್ಟಿಗೆ ರಿಮೋಟಿಗೂ ಓಗೊಡದೆ ಹಲವು ಸೆಕೆಂಡು ಮರಗಟ್ಟಿದರೆ, ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿದರೆ, ಆಗ ಅನುಮಾನವನ್ನು ಡಿಸ್ಕಿನ ಮೇಲೆಯೇ ಇಡಬೇಕು.

ಎರಡನೆಯ ಪ್ರಶ್ನೆ ಕಹಿಯಾದದ್ದು. ಪ್ರಸಾರ ಸಂಸ್ಥೆಗಳ ಪೆಟ್ಟಿಗೆಗಳು ಕಾರ್ಯಕ್ರಮವನ್ನು ಗೂಢಲಿಪಿಯಲ್ಲಿ ಬರೆದಿಡುತ್ತವೆ. ಅದರ ಕೀಲಿ ಆ ಪೆಟ್ಟಿಗೆಯಲ್ಲಿಯೋ ಅದರ ಕಾರ್ಡಿನಲ್ಲಿಯೋ ಇರುತ್ತದೆ. ಡಿಸ್ಕನ್ನು ಬಿಚ್ಚಿ ನೆರೆಮನೆಯ ಅಂಥದೇ ಪೆಟ್ಟಿಗೆಗೆ ಹಾಕಿದರೂ ಅದು ಓದಲಾರದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಐದನೆಯ ಶತಮಾನದ ಶಾಸನವನ್ನು ಮೈಸೂರಿಗೆ ಒಯ್ದ ಮೇಲೂ ವಿದ್ವಾಂಸರು ಓದುತ್ತಲೇ ಇದ್ದಾರೆ. ನಮ್ಮ ಕಾಲದ ಬರಹವಾದರೋ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದರೆ ಮೂಕವಾಗುತ್ತದೆ. ಆದುದರಿಂದ ಹಳೆಯ ಡಿಸ್ಕು ತೊದಲುತ್ತಲಾದರೂ ನಡೆಯುತ್ತಿರುವಾಗಲೇ, ಉಳಿಸಿಕೊಳ್ಳಬೇಕಾದ ಕಾರ್ಯಕ್ರಮವನ್ನು ಓಡಿಸಿ, ಪೆಟ್ಟಿಗೆಯ ಹಿಂದಿನ ಹಳದಿ, ಕೆಂಪು, ಬಿಳಿ ತೂತುಗಳಿಂದ ಬರುವ ಚಿತ್ರವನ್ನೂ ಧ್ವನಿಯನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ನಂಬತಕ್ಕ ಮಾರ್ಗ. ಚಿತ್ರ ತುಸು ಮಸಕಾಗುತ್ತದೆ, ಆದರೆ ಉಳಿಯುತ್ತದೆ. ಡಿಸ್ಕಿನ ಮೇಲಿರುವುದೆಲ್ಲವನ್ನೂ ಇದ್ದದ್ದು ಇದ್ದಂತೆ ಹೊಸದಕ್ಕೆ ನಕಲುಮಾಡುವ ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಮೂ ಉಂಟು. ಕೆಲವು ಪೆಟ್ಟಿಗೆಗಳು ಆ ನಕಲನ್ನು ಒಪ್ಪುತ್ತವೆ. ಇನ್ನು ಕೆಲವು, ತಮ್ಮ ಹಳೆಯ ಡಿಸ್ಕಿನ ಗುರುತು ಇಟ್ಟುಕೊಂಡಿದ್ದು, ಹೊಸದನ್ನು ತಳ್ಳಿಬಿಡುತ್ತವೆ. ಏನೇ ಆಗಲಿ, ಪರದೆಯ ಮೇಲೆ 'ಫಾರ್ಮ್ಯಾಟ್ ಮಾಡಲೇ?' ಎಂಬ ಪ್ರಶ್ನೆ ಕಂಡಾಗ ಅವಸರದಿಂದ ಒಪ್ಪಿಗೆಯ ಗುಂಡಿ ಒತ್ತಕೂಡದು. ಒತ್ತಿದರೆ ಪೆಟ್ಟಿಗೆಯ ಮಟ್ಟಿಗೆ ಹಳೆಯದೆಲ್ಲ ಅಳಿದಂತೆಯೇ.

ಇನ್ನು ಆಯ್ಕೆಯ ಮಾತು. ಅಂಗಡಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ಹೆಚ್ಚು ವೇಗದ್ದನ್ನೂ ಹೆಚ್ಚು ದೊಡ್ಡದನ್ನೂ ಕೊಳ್ಳಿರಿ ಎಂಬುದು. ರೆಕಾರ್ಡರಿನ ವಿಷಯದಲ್ಲಿ ಈ ಎರಡೂ ಸಲಹೆಗಳು ದಾರಿತಪ್ಪಿಸುವಂಥವು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಎಚ್.ಡಿ. ವಾಹಿನಿಯು ಸೆಕೆಂಡಿಗೆ ೮ ಮೆಗಾಬಿಟ್ಟಿನಂತೆ ಹರಿಯುತ್ತದೆಂದು ಹಿಡಿಯಿರಿ. ಎಂಟು ಬಿಟ್ಟಿಗೆ ಒಂದು ಬೈಟ್ ಆದುದರಿಂದ ಅದು ಸೆಕೆಂಡಿಗೆ ೧ ಮೆಗಾಬೈಟ್, ಗಂಟೆಗೆ ೩.೬ ಗಿಗಾಬೈಟ್. ಎರಡು ವಾಹಿನಿಗಳನ್ನು ಮುದ್ರಿಸುತ್ತ ಮೂರನೆಯದನ್ನು ಓದುತ್ತಿದ್ದರೂ ಸೆಕೆಂಡಿಗೆ ೩ ಮೆಗಾಬೈಟ್ ಸಾಕು. ನಿಧಾನವೆನಿಸಿಕೊಂಡ ಡಿಸ್ಕೂ ಇಂದು ಸೆಕೆಂಡಿಗೆ ನೂರು ಮೆಗಾಬೈಟಿಗೆ ಕಡಮೆಯಿಲ್ಲದೆ ಬರೆಯಬಲ್ಲದು. ನಿಮಿಷಕ್ಕೆ ೭,೨೦೦ ಸುತ್ತಿನ ಡಿಸ್ಕನ್ನು ತಂದರೆ ದೊರೆಯುವುದು ಹೆಚ್ಚಿನ ಸದ್ದು ಮತ್ತು ಹೆಚ್ಚಿನ ಶಾಖ, ಅಷ್ಟೆ. ದೊಡ್ಡದರ ಆಸೆಯೂ ಹೀಗೆಯೇ: ೫೦೦ ಗಿಗಾಬೈಟಿನಲ್ಲಿಯೇ ಸುಮಾರು ೧೩೯ ಗಂಟೆಯ ಎಚ್.ಡಿ. ಚಿತ್ರ ಹಿಡಿಯುತ್ತದೆ.

ಹಾಗಾದರೆ ನೋಡಬೇಕಾದುದೇನು? ಡಿಸ್ಕಿನ ಸ್ವಭಾವವನ್ನು. ಇದು ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದಾದರೂ ವಿಷಯದ ತಿರುಳು ಇದೇ.

೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಅದು ಹುಟ್ಟಿದ್ದು ಕಚೇರಿಯ ಲೆಕ್ಕಪತ್ರಕ್ಕಾಗಿ. ಲೆಕ್ಕದಲ್ಲಿ ಒಂದು ಅಂಕೆಯೂ ತಪ್ಪಕೂಡದು. ಆ ಸಂಸ್ಕಾರವನ್ನು ಕಂಪ್ಯೂಟರಿನ ಡಿಸ್ಕುಗಳು ಇಂದಿಗೂ ಬಿಟ್ಟಿಲ್ಲ. ತಟ್ಟೆಯ ಯಾವುದೋ ಮೂಲೆಯ ಬರಹ ಮಾಸಿದ್ದರೆ ಅವು ಅದನ್ನು ಮತ್ತೆ ಮತ್ತೆ ಓದಲು ಹೆಣಗುತ್ತವೆ. ಹತ್ತು ಸೆಕೆಂಡಾದರೂ, ಅದಕ್ಕಿಂತ ಹೆಚ್ಚಾದರೂ ಹಟ ಬಿಡುವುದಿಲ್ಲ. ಕಾಗದಪತ್ರಕ್ಕೆ ಇದು ಗುಣ. ಆದರೆ ಟೆಲಿವಿಷನ್ ಕಾಯುವುದಿಲ್ಲ. ಅಷ್ಟರಲ್ಲಿ ಉಪಗ್ರಹದಿಂದ ಹತ್ತು ಸೆಕೆಂಡಿನ ಚಿತ್ರ ಸುರಿದು, ಪೆಟ್ಟಿಗೆಯ ಪುಟ್ಟ ಸ್ಮೃತಿ ತುಂಬಿ ತುಳುಕಿರುತ್ತದೆ. ಯಕ್ಷಗಾನದ ಭಾಗವತರು ಒಂದು ಸ್ವರ ಜಾರಿದರೆ ನಿಂತು ತಿದ್ದಿಕೊಳ್ಳುತ್ತಾರೆಯೇ? ತಾಳ ತಪ್ಪದಂತೆ ಮುಂದೆ ಹೋಗುತ್ತಾರೆ. ರೆಕಾರ್ಡರಿಗೆಂದು ಮಾಡಿದ ಡಿಸ್ಕುಗಳ ರೀತಿಯೂ ಅದೇ. ಓದಲಾರದ ತುಣುಕನ್ನು ಬೇಗನೆ ಬಿಟ್ಟು ಮುಂದುವರಿಯಬೇಕೆಂಬ ಆಜ್ಞೆಯನ್ನು ಅವು ಪಾಲಿಸುತ್ತವೆ. ನೋಡುವವನ ಕಣ್ಣಿಗೆ ಅರೆಕ್ಷಣದ ಒಂದು ಕಲೆ ಕಾಣುತ್ತದೆ. ಬಹುಶಃ ಅದೂ ಕಾಣುವುದಿಲ್ಲ.

ಸ್ವಭಾವದ ಇನ್ನೊಂದು ಮುಖ ದುಡಿಮೆ. ಅನೇಕ ಪೆಟ್ಟಿಗೆಗಳು ನಾವು ಮುದ್ರಿಸು ಎನ್ನದಿದ್ದರೂ, ನೋಡುತ್ತಿರುವ ವಾಹಿನಿಯನ್ನು ಸದಾ ಬರೆಯುತ್ತಿರುತ್ತವೆ. ನೇರ ಪ್ರಸಾರವನ್ನು ನಿಲ್ಲಿಸಿ ಹಿಂದಕ್ಕೆ ಓಡಿಸಲು ಸಾಧ್ಯವಾಗುವುದು ಇದರಿಂದಲೇ. ಸೆಕೆಂಡಿಗೆ ೧ ಮೆಗಾಬೈಟ್ ಎಂದರೆ ದಿನಕ್ಕೆ ೮೬.೪ ಗಿಗಾಬೈಟ್, ಬಿಡುವಿಲ್ಲದೆ ನಡೆದರೆ ವರ್ಷಕ್ಕೆ ೩೧.೫ ಟೆರಾಬೈಟ್. ಎರಡು ವಾಹಿನಿಗಾದರೆ ೬೩. ಮೇಜಿನ ಕಂಪ್ಯೂಟರಿನ ಸಾಮಾನ್ಯ ಡಿಸ್ಕಿಗೆ ತಯಾರಕರು ಹೇಳುವ ಮಿತಿ ವರ್ಷಕ್ಕೆ ೫೫ ಟೆರಾಬೈಟಿನ ಆಸುಪಾಸು. ಕಾವಲು ಕ್ಯಾಮೆರಾಗಳಿಗೆಂದು ಮಾಡಿದ ವೆಸ್ಟರ್ನ್ ಡಿಜಿಟಲ್ 'ಪರ್ಪಲ್', ಸೀಗೇಟ್ 'ಸ್ಕೈಹಾಕ್' ಮುಂತಾದವಕ್ಕೆ ೧೮೦ ಟೆರಾಬೈಟ್. ಅಂಗಡಿಗಳಿಗೆ ಸಿ.ಸಿ. ಟಿ.ವಿ. ಕೂರಿಸುವವರು ಬಳಸುವುದು ಇವನ್ನೇ. ಹಗಲಿರುಳು ಚಿತ್ರವನ್ನು ಬರೆಯುತ್ತ, ಅಪರೂಪಕ್ಕೆ ಓದುವ ಕೆಲಸ ಎರಡೆಡೆಗೂ ಸಮಾನ. ಹೀಗಾಗಿ ನಮಗೆ ಬೇಕಾದ ಡಿಸ್ಕನ್ನು ಕಂಪ್ಯೂಟರ್ ಅಂಗಡಿಗಿಂತ ಮೊದಲು ಕ್ಯಾಮೆರಾ ಅಂಗಡಿಯಲ್ಲಿ ಕೇಳುವುದು ಲೇಸು.

ಕೊಳ್ಳುವಾಗ ಎಚ್ಚರವಿರಬೇಕಾದ ಇನ್ನೊಂದು ವಿಷಯ, ಬರಹದ ಸಾಲುಗಳನ್ನು ಹೊಂದಿಸುವ ಕ್ರಮ. ಹಿಂದಿನಿಂದ ಬಂದ ಸಿ.ಎಂ.ಆರ್. ಎಂಬ ಕ್ರಮದಲ್ಲಿ ತಟ್ಟೆಯ ಮೇಲಿನ ಸುತ್ತುಗಳು ಹೊಲದ ಸಾಲುಗಳಂತೆ ಬೇರೆ ಬೇರೆಯಾಗಿರುತ್ತವೆ. ಎಸ್.ಎಂ.ಆರ್. ಎಂಬ ಹೊಸ ಕ್ರಮದಲ್ಲಿ ಒಂದರ ಅಂಚಿನ ಮೇಲೆ ಇನ್ನೊಂದು, ಮಂಗಳೂರು ಹೆಂಚು ಹೊದಿಸಿದಂತೆ, ಒರಗಿರುತ್ತದೆ. ಅದೇ ಜಾಗದಲ್ಲಿ ಹೆಚ್ಚು ಬರಹ ಹಿಡಿಯುತ್ತದೆ, ನಿಜ. ಆದರೆ ಮಾಡಿನ ನಡುವಿನ ಒಂದು ಹೆಂಚನ್ನು ಬದಲಿಸಿದವರಿಗೆ ಗೊತ್ತು, ಅದರ ಮೇಲೆ ಒರಗಿದವನ್ನೂ ಎತ್ತಬೇಕಾಗುತ್ತದೆ. ಹಳೆಯ ಕಾರ್ಯಕ್ರಮ ಅಳಿಸಿ ಅಲ್ಲಿ ಹೊಸದನ್ನು ಬರೆಯುವುದೇ ರೆಕಾರ್ಡರಿನ ನಿತ್ಯಕರ್ಮ. ಹೆಂಚಿನ ಡಿಸ್ಕು ಆಗಾಗ ತನ್ನ ಮಾಡನ್ನು ಸರಿಪಡಿಸಿಕೊಳ್ಳಲು ನಿಲ್ಲುತ್ತದೆ, ಮುದ್ರಣ ಕತ್ತರಿಸಿದಂತಾಗುತ್ತದೆ. ವೆಸ್ಟರ್ನ್ ಡಿಜಿಟಲ್ ಸಂಸ್ಥೆ ತನ್ನ 'ರೆಡ್' ಮಾಲಿಕೆಯ ಕೆಲವು ಡಿಸ್ಕುಗಳಲ್ಲಿ ಈ ಕ್ರಮವನ್ನು ಕೊಳ್ಳುವವರಿಗೆ ತಿಳಿಸದೆ ಬಳಸಿದ್ದುದು ೨೦೨೦ರಲ್ಲಿ ಬಯಲಾಗಿ, ಬಳಿಕ ಯಾವುದು ಎಂಥದೆಂಬ ಪಟ್ಟಿಯನ್ನು ಪ್ರಕಟಿಸಿತು. ಆದ್ದರಿಂದ ಹೆಸರನ್ನಷ್ಟೇ ನಂಬದೆ, ತಯಾರಕರ ಪಟ್ಟಿಯಲ್ಲಿ ಆಯಾ ಮಾದರಿಯ ಮುಂದೆ ಸಿ.ಎಂ.ಆರ್. ಎಂದಿದೆಯೇ ಎಂದು ನೋಡಬೇಕು.

ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ. ಹಾಕಬಾರದೇ ಎಂದು ವಾಚಕರು ಕೇಳಬಹುದು. ಹಾಕಬಹುದು, ಸದ್ದಿಲ್ಲ, ಶಾಖವೂ ಕಡಮೆ. ಆದರೆ ಅದರ ಆಯುಸ್ಸು ಬರೆದ ಮೊತ್ತಕ್ಕೆ ಕಟ್ಟುಬಿದ್ದದ್ದು. ೨೫೦ ಗಿಗಾಬೈಟಿನ ಸಾಧಾರಣ ಎಸ್.ಎಸ್.ಡಿ.ಗೆ ಸುಮಾರು ೧೫೦ ಟೆರಾಬೈಟ್ ಬರಹದ ಹೊಣೆ ಹೊರುವುದುಂಟು. ಒಂದೇ ವಾಹಿನಿಯಾದರೂ ಐದು ವರ್ಷದೊಳಗೆ ಆ ಗಡಿ ಮುಟ್ಟುತ್ತದೆ. ಟಿ.ವಿ.ಯನ್ನು ಸಂಜೆ ಮಾತ್ರ ಹಾಕುವ ಮನೆಗೆ ಸರಿ. ಹಗಲೆಲ್ಲ ಧಾರಾವಾಹಿ ಓಡುವ ಮನೆಗೆ ಬೇಡವೆಂದೇ ನನ್ನ ಅಭಿಪ್ರಾಯ.

ಅಳತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಅಗಲವಾದ ಪಟ್ಟಿಯಂಥ ತಂತಿಯಿದ್ದರೆ ಹಳೆಯ ಐ.ಡಿ.ಇ., ಕಿರಿದಾದ ಕೊಂಡಿಯಿದ್ದರೆ ಸಾಟಾ. ಪೆಟ್ಟಿಗೆಯೊಳಗೆ ಮೂರೂವರೆ ಅಂಗುಲದ್ದಿದೆಯೋ ಎರಡೂವರೆಯದೋ ಅದೇ ಬೇಕು. ಮೂರೂವರೆಯದು ತಿರುಗಲು ತೊಡಗುವ ಕ್ಷಣದಲ್ಲಿ ೧೨ ವೋಲ್ಟಿನಲ್ಲಿ ೨ ಆಂಪಿಯರಿನಷ್ಟು ಎಳೆಯುತ್ತದೆ. ನಿಂತ ಗಾಡಿಯನ್ನು ಎತ್ತುಗಳು ಮೊದಲು ಜಗ್ಗುವಾಗಿನ ಶ್ರಮ ಅದು. ಹಳೆಯ ಪೆಟ್ಟಿಗೆಯ ಅಡಾಪ್ಟರು ಸೊರಗಿದ್ದರೆ ಹೊಸ ಡಿಸ್ಕೂ ಏಳುವುದಿಲ್ಲ. ಗಾತ್ರಕ್ಕೂ ಮಿತಿಯುಂಟು. ಬಹಳ ಹಳೆಯ ಯಂತ್ರಗಳು ೧೩೭ ಗಿಗಾಬೈಟನ್ನೂ, ಅನಂತರದ ಅನೇಕವು ೨.೨ ಟೆರಾಬೈಟನ್ನೂ ಮೀರಿ ಎಣಿಸಲಾರವು, ಏಕೆಂದರೆ ವಿಳಾಸ ಬರೆಯಲು ಅವಕ್ಕಿರುವ ಅಂಕೆಗಳೇ ಅಷ್ಟು. ಹಳೆಯದರಷ್ಟೇ, ಇಲ್ಲವೇ ಅದರ ಎರಡರಷ್ಟು ಗಾತ್ರ ಸಾಕು.

ಅಗ್ಗದ ಬೆಲೆಗೆ ಬಿಕರಿಯಾಗುವ, ಬಳಸಿ ತೊಳೆದಿಟ್ಟ ಡಿಸ್ಕುಗಳ ಬಗ್ಗೆ ಒಂದು ಮಾತು. ಪ್ರತಿಯೊಂದು ಡಿಸ್ಕೂ ತಾನು ದುಡಿದ ಗಂಟೆಗಳನ್ನೂ, ಕೆಟ್ಟು ಬದಲಾಯಿಸಿದ ಸೆಕ್ಟರುಗಳನ್ನೂ 'ಸ್ಮಾರ್ಟ್' ಎಂಬ ತನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ವರ್ಷಕ್ಕೆ ೮,೭೬೦ ಗಂಟೆ. ಹೊಸದೆಂದು ಕೊಟ್ಟ ಡಿಸ್ಕು ೨೬,೦೦೦ ಗಂಟೆ ತೋರಿಸಿದರೆ ಅದು ಮೂರು ವರ್ಷ ಎಲ್ಲಿಯೋ ಕಾವಲು ಕಾದು ಬಂದದ್ದು. ಅಂಗಡಿಯವರ ಕಂಪ್ಯೂಟರಿನಲ್ಲಿಯೇ ಇದನ್ನು ನೋಡಬಹುದು. ನೋಡಬೇಕೆಂದು ಕೇಳುವುದಕ್ಕೆ ಸಂಕೋಚವೇಕೆ?

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅದು ನಮ್ಮದೋ ಸಂಸ್ಥೆಯದೋ ಎಂದು ಕರಾರಿನ ಕಾಗದದಲ್ಲಿ ನೋಡಿಕೊಳ್ಳಬೇಕು. ಬಾಡಿಗೆಯದಾದರೆ ಮುದ್ರೆ ಒಡೆಯಕೂಡದು, ದುರಸ್ತಿಗೆ ಅವರನ್ನೇ ಕರೆಯಬೇಕು. ನಮ್ಮದಾದರೆ ವಿದ್ಯುತ್ತನ್ನು ಕಳಚಿ, ಡಿಸ್ಕನ್ನು ಹಳೆಯ ರಬ್ಬರ್ ಬಿಲ್ಲೆಗಳ ಮೇಲೆಯೇ ಕೂರಿಸಬೇಕು. ಡಿಸ್ಕಿನ ಶಾಖ ಸಾಮಾನ್ಯವಾಗಿ ೬೦ ಡಿಗ್ರಿ ಸೆಲ್ಸಿಯಸ್ ದಾಟಬಾರದು. ಅರಸೀಕೆರೆಯ ಬೇಸಗೆಯಲ್ಲಿ, ಗೋಡೆಯ ಗೂಡಿನೊಳಗೆ, ಕಸೂತಿಯ ಬಟ್ಟೆ ಹೊದ್ದ ಪೆಟ್ಟಿಗೆ ಆ ಮಿತಿಯನ್ನು ಮುಟ್ಟುವುದು ಸುಲಭ. ಬಟ್ಟೆ ತೆಗೆದು, ಸುತ್ತ ನಾಲ್ಕು ಬೆರಳು ಜಾಗ ಬಿಡಬೇಕು. ಕರೆಂಟು ಪದೇಪದೇ ಹೋಗುವ ಊರಾದರೆ ಪೆಟ್ಟಿಗೆಯನ್ನು ಇನ್ವರ್ಟರಿಗೆ ಸೇರಿಸಬೇಕು. ಮೊದಲ ರಾತ್ರಿ ಎರಡು ವಾಹಿನಿಗಳನ್ನು ಒಟ್ಟಿಗೆ ಮುದ್ರಿಸಲು ಬಿಟ್ಟು, ಬೆಳಗ್ಗೆ ಎರಡನ್ನೂ ಅಲ್ಲಲ್ಲಿ ಓಡಿಸಿ ನೋಡಿರಿ. ಹಳೆಯ ಡಿಸ್ಕಿನ ಮೇಲೆ ಯಾವ ಪೆಟ್ಟಿಗೆಯದೆಂದು ಬರೆದ ಚೀಟಿ ಅಂಟಿಸಿ, ಆ ಪೆಟ್ಟಿಗೆ ಮನೆಯಲ್ಲಿರುವಷ್ಟು ಕಾಲ ಜೊತೆಯಲ್ಲಿಯೇ ಇಟ್ಟಿರಿ.